ಶುರ್ತಾ ಕಾಕಾನ ಫೈಲು

ಮೊನ್ನೆ ದೀಪಾವಳಿಗೆ ಎರಡು ದಿನ ಮುಂಚೆ ನನ್ನ ಹೆಂಡತಿ ದೇವರ ಮನೆಯ ಹಿತ್ತಾಳೆ ಸಾಮಾನುಗಳನ್ನೆಲ್ಲ ಹಾಲಿನಲ್ಲಿ ಹರವಿಕೊಂಡು ಕುಳಿತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕಾಲ ನಮ್ಮ ಮನೆಯಲ್ಲಿ ಮುಗಿದು ಬಹಳ ದಿನವಾಯಿತು. ಈಗ ಡಬ್ಬಿಯಲ್ಲಿನ ಪಾಲಿಶನ್ನು ಅರಿವೆಗೆ ಸುರುವಿಕೊಂಡು ಉಜ್ಜುವುದು. ಮುಚ್ಚಳ ತೆಗೆದ ಕೂಡಲೇ ಸೀಮೆಎಣ್ಣೆಯಂಥ, ಮೂಗು ಚುರುಗುಟ್ಟಿಸುವ ಆ ವಾಸನೆ ಬಂತು. ಓದುತ್ತಿದ್ದ ಪೇಪರು ಮಡಚಿಟ್ಟು ಬಾಲ್ಕನಿಗೆ ಹೋಗಿ ನಿಂತೆ. "ಯಾಕ್ರೀ, ತಲಿ ನೋಯಾಕತ್ತೇತೇನು?" ಅಂದಳು. ಇಲ್ಲ ಅಂದೆ. ಅವಳಿಗೂ ನೆನಪಾಗಿರಬೇಕು, ಡಬ್ಬಿಯ ಮುಚ್ಚಳ ಹಾಕಿದಳು.

ತೊಂಬತ್ತರ ದಶಕದ ನಡುವಿನ ಮಾತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ನಮ್ಮ ಮನೆ. ನಾನು ಒಂದು ಕನ್ಸಲ್ಟನ್ಸಿಯಲ್ಲಿ ಡ್ರಾಫ್ಟ್ಸ್‌ಮನ್. ನಮ್ಮ ಬಾಗಿಲಿಗೆ ಎದುರಾಗಿ ಶುರ್ತಾ ಕಾಕಾನ ಬಾಗಿಲು. ಉಳ್ಳಾಲದ ಕಡೆಯ ಬ್ಯಾರಿಗಳು. ಹರೆಯದಲ್ಲಿ ಮುಂಬಯಿಯಿಂದ ಲಾಂಚ್ ಹತ್ತಿ ಬಂದು ಅಲ್ಲಿನ ಪೊಲೀಸ್ ಇಲಾಖೆ ಸೇರಿದವರು. ಆಗ ದೇಶ ಹೊಸದು, ಜನ ಸಾಲದು. ಬಲೂಚಿಗಳು, ಯೆಮನಿಗಳು, ಸುಡಾನಿಗಳು, ನಮ್ಮ ಕರಾವಳಿಯವರು, ಹೀಗೆ ಎತ್ತರ ಮತ್ತು ಎದೆ ಸರಿಯಿದ್ದವರನ್ನೆಲ್ಲ ತೆಗೆದುಕೊಂಡ ಕಾಲ. ಪೊಲೀಸರಿಗೆ ಅಲ್ಲಿ ಶುರ್ತಾ ಅನ್ನುತ್ತಾರೆ. ಧಾರವಾಡದವರಾದ ನಮಗೆ ಅಪ್ಪನಿಗಿಂತ ತುಸು ಚಿಕ್ಕವರೆಲ್ಲ ಕಾಕಾ. ಹೀಗಾಗಿ ಅವರು ಶುರ್ತಾ ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ಅವರಿಗೆ ಒಬ್ಬಳೇ ಮಗಳು, ಆಗ ಎಂಟೋ ಒಂಬತ್ತೋ ವರ್ಷ.

ಪ್ರತಿ ಶುಕ್ರವಾರ ಸಂಜೆ ಕಾಕಾ ಕಾರಿಡಾರಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕೆಳಗೆ ಹಾಸಿಕೊಳ್ಳಲು ನಮ್ಮಲ್ಲಿ ಹಳೆಯ ಇಂಗ್ಲಿಷ್ ಪೇಪರು ಕೇಳುತ್ತಿದ್ದರು. ಅರಬ್ಬಿ ಅಕ್ಷರವಿದ್ದ ಹಾಳೆಯನ್ನು ಅವರು ಎಂದೂ ನೆಲಕ್ಕೆ ಹಾಸಿದವರಲ್ಲ. ಬೆಲ್ಟಿನ ಬಕಲ್, ಟೋಪಿಯ ಲಾಂಛನ, ಅಂಗಿಯ ಗುಂಡಿಗಳು, ಒಂದೊಂದನ್ನೂ ಪಾಲಿಶ್ ಹಚ್ಚಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುವರು. ಇಡೀ ಮಹಡಿಗೆ ಅದೇ ವಾಸನೆ. "ಕಾಕಾ, ಬಕಲ್ ಸವದು ಹೋದೀತು" ಎಂದು ನಾನು ಕಾಡಿಸಿದರೆ, "ಸವೆದ್ರೆ ಬೇರೆ ಕೊಡ್ತಾರೆ ಮಾರಾಯ್ರೆ, ಸರ್ಕಾರದ್ದಲ್ವಾ" ಅನ್ನುವರು. ಸರ್ಕಾರ ಅನ್ನುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು.

ಬಿಲ್ಡಿಂಗಿನವರ ಪಾಲಿಗಂತೂ ಕಾಕಾ ಎಂದರೇನೇ ಸರ್ಕಾರ. ಕಾರಿಗೆ ದಂಡದ ಚೀಟಿ ಅಂಟಿಸಿ ಹೋಗಲಿ, ಹೆಂಡತಿಯ ವೀಸಾ ತಡವಾಗಲಿ, ಅಡುಗೆಮನೆಯಲ್ಲಿ ಹೊಗೆ ಏಳಲಿ, ಎಲ್ಲರೂ ಬಂದು ತಟ್ಟುತ್ತಿದ್ದುದು ಅದೇ ಬಾಗಿಲು. ಅವರು ಬೇಸರಪಡದೆ ಎಲ್ಲರಿಗೂ ಒಂದೇ ಪಾಠ ಹೇಳುವರು. "ಪೊಲೀಸ್ ಅಂದ್ರೆ ಒಂದೇ ಅಂತ ಗ್ರಹಿಸ್ಬೇಡಿ. ಎಲ್ಲದಕ್ಕೂ ಮೇಲೆ ಮಂತ್ರಾಲಯ. ಅದರ ಕೆಳಗೆ ಅಬುಧಾಬಿಗೆ ಬೇರೆ, ದುಬೈಗೆ ಬೇರೆ, ಶಾರ್ಜಾಕ್ಕೆ ಬೇರೆ. ಅದರೊಳಗೆ ಠಾಣೆ ಬೇರೆ, ಟ್ರಾಫಿಕ್ ಬೇರೆ, ಸಾದಾ ಬಟ್ಟೆಯವರು ಬೇರೆ, ಇಮಿಗ್ರೇಶನ್ ಬೇರೆ, ಜೈಲು ಬೇರೆ, ಬೆಂಕಿ ಆರಿಸುವವರು ಬೇರೆ. ನಿಮ್ದು ಟ್ರಾಫಿಕ್. ನನ್ನ ವಿಭಾಗ ಅಲ್ಲ." ಹೇಳಿ ಮುಗಿಸಿ, ಯಾವ ಕಚೇರಿ, ಯಾವ ಬಾಗಿಲು, ಎಷ್ಟು ಗಂಟೆಗೆ ಹೋದರೆ ಸಾಲು ಕಡಿಮೆ ಎಂದು ತಿಳಿಸಿ ಕಳಿಸುವರು. ಹೋದವರ ಕೆಲಸ ಆಗುತ್ತಿತ್ತು, ಹೆಸರು ಕಾಕಾನಿಗೆ ಬರುತ್ತಿತ್ತು.

ಅವರ ವಿಭಾಗ ಯಾವುದು ಎಂದು ಎಷ್ಟೋ ದಿನ ನನಗೆ ತಿಳಿದಿರಲಿಲ್ಲ. ಒಂದು ಸಲ ಕಂಪನಿಯ ಕೆಲಸಕ್ಕೆಂದು ಒಂದು ದೊಡ್ಡ ಕಚೇರಿಗೆ ಹೋದಾಗ ಗೇಟಿನಲ್ಲಿ ಅವರೇ ನಿಂತಿದ್ದರು. ಅದು ಕಾವಲು ವಿಭಾಗ. ಬರುವ ಕಾರು ದೂರದಿಂದಲೇ ಗುರುತು ಹಿಡಿದು, ಒಳಗಿರುವ ಅಧಿಕಾರಿಯ ದರ್ಜೆಗೆ ತಕ್ಕಂತೆ ಸೆಲ್ಯೂಟ್ ಹೊಡೆದು ಸರಪಳಿ ಇಳಿಸುವುದು ಅವರ ಕೆಲಸ. ಇಪ್ಪತ್ತು ವರ್ಷದಲ್ಲಿ ತೋಳಿನ ಮೇಲೆ ಎರಡು ಪಟ್ಟಿ ಬಂದಿದ್ದವು. ನನ್ನನ್ನು ಕಂಡು ಒಂದು ಚೂರೂ ನಗದೆ, ಪರಿಚಯವೇ ಇಲ್ಲದವರಂತೆ ನನ್ನ ಕಾರ್ಡು ನೋಡಿ ಒಳಗೆ ಬಿಟ್ಟರು. ಅವತ್ತು ನನಗೆ ಸ್ವಲ್ಪ ಸಿಟ್ಟು ಬಂದಿತ್ತು ಅನ್ನುವುದೂ ನಿಜ. ಸಂಜೆ ಕಾಕು ಒಂದು ತಟ್ಟೆ ತುಂಬ ಪತ್ತಿರಿ, ಅವರ ಕಡೆಯ ತೆಳು ಅಕ್ಕಿರೊಟ್ಟಿ, ಕಳಿಸಿದ್ದರು.

ಆ ಮನೆಯಲ್ಲಿ ಒಂದೇ ಒಂದು ಆಸೆ ಇತ್ತು. ಜಿನ್ಸಿಯಾ... ಅಂದರೆ ಅಲ್ಲಿನ ಪೌರತ್ವ. ಕಾಕಾನ ಜೊತೆಗೇ ಸೇರಿದ್ದ ಒಬ್ಬ ಬಲೂಚಿಗೆ ಅದು ಸಿಕ್ಕಿತ್ತಂತೆ. ಕಾಕಾ ಟೈಪಿಂಗ್ ಅಂಗಡಿಯಲ್ಲಿ ಅರಬ್ಬಿಯಲ್ಲಿ ಅರ್ಜಿ ಬರೆಸಿಕೊಂಡು, ಒಬ್ಬ ದೊಡ್ಡ ಅಧಿಕಾರಿಯ ಮಜ್ಲಿಸ್‌ಗೆ ಹೋಗಿ ಕೈಯಾರೆ ಕೊಟ್ಟು ಬಂದಿದ್ದರು. ಅಲ್ಲಿ ಅದು ಪದ್ಧತಿ. ಯಾರು ಬೇಕಾದರೂ ಹೋಗಿ ಕುಳಿತು, ಕಹ್ವಾ ಕುಡಿದು, ತಮ್ಮ ಮಾತು ಹೇಳಿಕೊಳ್ಳಬಹುದು. ಆ ಮನುಷ್ಯ ಎದ್ದು ನಿಂತು ಅರ್ಜಿ ತೆಗೆದುಕೊಂಡರಂತೆ, ಇನ್ಶಾ ಅಲ್ಲಾ ಅಂದರಂತೆ. "ಫೈಲಿಗೆ ಹಾಕಿ ಅಂತ ಬೇರೆಯವರ ಕೈಗೆ ಕೊಡ್ಲಿಲ್ಲ. ಎದೆಯ ಕಿಸೆಗೇ ಹಾಕ್ಕೊಂಡ್ರು" ಎಂದು ಕಾಕಾ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಅದಕ್ಕೆ ಫೈಲು ಎಂದೇ ಹೆಸರು. ಫೈಲು ಬಂದ ಮೇಲೆ ಹೊಸ ಸೋಫಾ, ಫೈಲು ಬಂದ ಮೇಲೆ ಊರಿಗೆ ಒಂದು ಸುತ್ತು, ಫೈಲು ಬಂದ ಮೇಲೆ ಮಗಳಿಗೆ ಅಲ್ಲಿನ ಯೂನಿವರ್ಸಿಟಿ.

ಮಗಳು ಓದುತ್ತಿದ್ದುದು ಅರಬ್ಬಿ ಸರ್ಕಾರಿ ಶಾಲೆಯಲ್ಲಿ. ಇಲಾಖೆಯವರ ಮಕ್ಕಳಿಗೆ ಅಲ್ಲಿ ಜಾಗ ಸಿಗುತ್ತಿತ್ತು. ಅವಳ ಅರಬ್ಬಿ ಕೇಳಿ ನಮ್ಮ ಬಿಲ್ಡಿಂಗಿನ ವಾಚ್‌ಮನ್, ಈಜಿಪ್ಟಿನವನು, ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ಮನೆಯಲ್ಲಿ ಅಷ್ಟಿಷ್ಟು ಬ್ಯಾರಿ ಭಾಷೆ, ನಮ್ಮೊಂದಿಗೆ ಇಂಗ್ಲಿಷು. ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. "ಇವಳಿಗೆ ಊರು ಅಂದ್ರೆ ಇದೇ ಅಲ್ವಾ, ಇನ್ನೆಂತ ಉಂಟು?" ಎನ್ನುತ್ತಿದ್ದರು ಕಾಕಾ. ಟೀಚರ್ ಆಗುತ್ತೇನೆ ಎಂದು ಅವಳು ಆಗಲೇ ತೀರ್ಮಾನ ಮಾಡಿದ್ದಳು.

ಆ ದಿನಗಳಲ್ಲೇ ಒಮ್ಮೆ ಸರ್ಕಾರ ಕ್ಷಮಾದಾನ ಸಾರಿತು. ಕಾಗದಪತ್ರ ಇಲ್ಲದೆ ಉಳಿದವರು ದಂಡ ಶಿಕ್ಷೆ ಇಲ್ಲದೆ ಊರಿಗೆ ಹೋಗಬಹುದು ಎಂದು. ಇಮಿಗ್ರೇಶನ್ ಕಚೇರಿಯ ಹೊರಗೆ ಸಾವಿರಾರು ಜನ, ರಟ್ಟಿನ ಪೆಟ್ಟಿಗೆ, ಹಗ್ಗ ಕಟ್ಟಿದ ಸೂಟ್‌ಕೇಸು. ಸಾಲು ಕಾಯಲು ಬೇರೆ ವಿಭಾಗದವರನ್ನೂ ಕರೆಸಿದ್ದರು. ಕಾಕಾನನ್ನು ಅಲ್ಲಿಗೆ ಹಾಕಿದ್ದರು. ಮನೆಗೆ ಬಂದರೆ ಬಿಸಿಲಿಗೆ ಮುಖ ಕೆಂಪಾಗಿರುತ್ತಿತ್ತು. "ನಮ್ಮವರು ಎಷ್ಟು ಜನ ಇದ್ದಾರೆ ಗೊತ್ತುಂಟಾ? ಪಾಸ್‌ಪೋರ್ಟ್ ಹಾಳು ಮಾಡ್ಕೊಂಡು ಕೂತಿದ್ದಾರೆ. ಹೀಗೂ ಬುದ್ಧಿ ಇಲ್ಲದೆ ಇರ್ತಾರಾ?" ಎಂದು ಬೈಯುವರು. ಬೈಯುತ್ತಲೇ ಬಾಟಲಿಗಳಲ್ಲಿ ನೀರು ತುಂಬಿಸಿ ಫ್ರೀಜರಿನಲ್ಲಿಟ್ಟು, ಮರುದಿನ ಆ ಸಾಲಿನವರಿಗೆ ಒಯ್ಯುವರು.

ಹೀಗೆ ಬೈದ ಮನುಷ್ಯನೇ ಮಾಡಿದ ತಪ್ಪು ನೋಡಿ. ಅವರ ಬ್ಯಾರಕ್ಕುಗಳಲ್ಲಿ ಒಂದು ನಂಬಿಕೆ ಹುಟ್ಟಿಕೊಂಡಿತ್ತು. ಜಿನ್ಸಿಯಾಕ್ಕೆ ಅರ್ಜಿ ಹಾಕಿದವನು ತನ್ನ ದೇಶದ ಪಾಸ್‌ಪೋರ್ಟನ್ನು ಮತ್ತೆ ಮತ್ತೆ ನವೀಕರಿಸುತ್ತ ಹೋದರೆ, ಇವನ ಮನಸ್ಸು ಇನ್ನೂ ಅಲ್ಲೇ ಇದೆ ಎಂದು ಅವನ ಫೈಲನ್ನು ಅಡಿಗೆ ಹಾಕುತ್ತಾರಂತೆ. ಇದನ್ನು ಹೇಳಿದವರು ಯಾರು, ಎಲ್ಲಿ ಬರೆದಿದೆ, ಯಾರಿಗೂ ಗೊತ್ತಿಲ್ಲ. ನಮ್ಮಂಥ ಕಂಪನಿಯವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಆದರೆ ಯೂನಿಫಾರ್ಮ್ ಹಾಕಿದವರು ಹೇಳಿದಾಗ ನಗು ಬರಲಿಲ್ಲ. ಒಂದು ದಿನ ಕಾಕಾ ಪಾಸ್‌ಪೋರ್ಟನ್ನು ತಂದು ನನ್ನ ಮುಂದೆ ಇಟ್ಟು, ಇದಕ್ಕೆ ಇನ್ನು ಹತ್ತು ತಿಂಗಳು ಉಂಟು, ಎಂತ ಮಾಡುವ ಎಂದು ಕೇಳಿದರು. "ನೀವ ಪೊಲೀಸ್ರು ಕಾಕಾ, ನಮಗಿಂತ ನಿಮಗ ಗೊತ್ತಿರ್ತೇತಿ" ಅಂದೆ ನಾನು. ಜಾಣತನ ಅಂದುಕೊಂಡಿದ್ದೆ.

ಅದೇ ಹೊತ್ತಿಗೆ ಅವರಿಗೆ ಒಂದು ಕೆಲಸ ಬಂತು. ದುಬೈಯ ಅಲ್ ಕೂಜ್‌ನಲ್ಲಿ ದೊಡ್ಡ ಗೋದಾಮು ಇಟ್ಟಿದ್ದ ಮಂಗಳೂರು ಕಡೆಯ ವ್ಯಾಪಾರಿಯೊಬ್ಬರು, ಗೇಟು ಮತ್ತು ಕಾವಲಿನವರ ಮೇಲ್ವಿಚಾರಣೆಗೆ ಪೊಲೀಸ್ ಅನುಭವ ಇರುವವರು ಬೇಕು ಎಂದು ಹೇಳಿ ಕಳಿಸಿದ್ದರು. ಸಂಸಾರದ ವೀಸಾ ಕೊಡುತ್ತೇವೆ, ಮನೆ ಕೊಡುತ್ತೇವೆ, ಎಷ್ಟು ವರ್ಷ ಬೇಕಾದರೂ ಇರಿ ಎಂದರು. ಇಲಾಖೆಯಲ್ಲಿ ರಾಜೀನಾಮೆ ಕೊಟ್ಟು ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬರಬೇಕು, ಅಷ್ಟೆ. ಆ ವೇಳೆಗೆ ಇಲಾಖೆಗೆ ಅಲ್ಲಿಯದೇ ಹುಡುಗರು ತರಬೇತಿ ಪಡೆದು ಬರತೊಡಗಿದ್ದರು. ತಮ್ಮ ಬಾಗಿಲನ್ನು ತಮ್ಮ ಮಕ್ಕಳೇ ಕಾಯಲಿ ಅನ್ನುವುದರಲ್ಲಿ ತಪ್ಪೇನೂ ಇಲ್ಲ. ಕೆಲಸದಿಂದ ಬಿಡಿಸುವ ಹಳಬರ ಪಟ್ಟಿ ಇವತ್ತಲ್ಲ ನಾಳೆ ಬರುತ್ತದೆ ಎಂದು ಕಾಕಾನಿಗೂ ಗೊತ್ತಿತ್ತು.

"ನಿಮ್ಮ ಕಂಪನಿಯ ಮಂದೂಬ್‌ಗೆ ಎಲ್ಲ ಕಚೇರಿ ಗೊತ್ತುಂಟಲ್ಲ, ನನ್ನ ಫೈಲು ಎಲ್ಲಿಗೆ ಬಂತು ಅಂತ ಒಮ್ಮೆ ಕೇಳಿ ನೋಡಿ. ಹತ್ತಿರ ಬಂದಿದ್ರೆ ಇರ್ತೇನೆ. ಇಲ್ಲಾಂದ್ರೆ ದುಬೈಗೆ ಹೋಗ್ತೇನೆ" ಎಂದರು. ಮಂದೂಬ್ ಅಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವನು. ನಮ್ಮವನು ಸುಡಾನಿನ ಹಿರಿಯ, ಮೃದು ಮಾತಿನ ಮನುಷ್ಯ. ಎಂಟು ದಿನ ತೆಗೆದುಕೊಂಡು ನಾಲ್ಕು ಕಡೆ ವಿಚಾರಿಸಿ ಬಂದ. ನನ್ನ ಡ್ರಾಯಿಂಗ್ ಟೇಬಲ್ಲಿನ ಹತ್ತಿರ ನಿಂತು, "ಮಾಫಿ ಮಲಫ್" ಅಂದ. ಫೈಲಿಲ್ಲ. ತಡವಾಗಿದೆ ಎಂದಲ್ಲ, ತಿರಸ್ಕಾರವಾಗಿದೆ ಎಂದೂ ಅಲ್ಲ. ಗುತ್ತಿಗೆಯ ಮೇಲೆ ಸೇರಿದ ಕಾವಲಿನವರಿಗೆ ಅಂಥ ಫೈಲು ತೆರೆಯುವ ಪದ್ಧತಿಯೇ ಇಲ್ಲ. ಅರ್ಜಿ ತೆಗೆದುಕೊಂಡ ಅಧಿಕಾರಿ ಮರ್ಯಾದೆಗೆ ತೆಗೆದುಕೊಂಡಿರಬೇಕು, ಪಾಪ, ಅವರು ತೀರಿಕೊಂಡೇ ಮೂರು ವರ್ಷವಾಗಿತ್ತು.

ಅವತ್ತು ಸಂಜೆ ಹೇಳಿಯೇ ಬಿಡಬೇಕು ಎಂದು ಲಿಫ್ಟು ಹತ್ತಿದೆ. ಲಿಫ್ಟಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಇದ್ದೆ. ಬಾಗಿಲು ತೆರೆದೇ ಇತ್ತು. ಮಗಳು ಶಾಲೆಯಲ್ಲಿ ಮೊದಲನೆಯವಳಾಗಿ ಬಂದಿದ್ದಳು; ಕೊರಳಿಗೆ ಶಾಲೆಯವರು ಹಾಕಿದ ಪಟ್ಟಿಯನ್ನು ಇನ್ನೂ ತೆಗೆದಿರಲಿಲ್ಲ. ಕಾಕು ನನ್ನ ಬಾಯಿಗೆ ಸಿಹಿ ಇಟ್ಟರು. ಕಾಕಾ ಸೋಫಾದ ತುದಿಗೆ ಸರಿದು ನನಗೆ ಜಾಗ ಮಾಡಿ, ನನ್ನ ಮುಖ ನೋಡಿದರು.

"ನಡದೇತಂತ ಕಾಕಾ... ಸ್ವಲ್ಪ ತಡ ಆಗ್ತೇತಂತ" ಅಂದೆ.

ಇಷ್ಟೇ. ಇಷ್ಟು ಹೇಳಿ ಸಿಹಿ ತಿಂದು ನೀರು ಕುಡಿದು ಬಂದೆ. ನಾಳೆ ಹೇಳಿದರಾಯಿತು, ಇವತ್ತೊಂದು ದಿನ ಖುಷಿಯಾಗಿರಲಿ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆಯೇ ಕಾಕಾ ಕೆಳಗಿನ ಅಂಗಡಿಯಿಂದ ದುಬೈಗೆ ಫೋನು ಮಾಡಿ ಆ ಕೆಲಸ ಬೇಡ ಎಂದಿದ್ದರು. ನನಗದು ತಿಳಿದದ್ದು ಸಂಜೆಗೆ. "ನೀವು ಹೇಳಿದ ಮೇಲೆ ಇನ್ನೆಂತ ಯೋಚನೆ?" ಎಂದು ನನ್ನ ಭುಜ ತಟ್ಟಿದರು. ಆಗಲಾದರೂ ಹೇಳಬಹುದಿತ್ತು. ಪಾಸ್‌ಪೋರ್ಟಿಗೆ ಇನ್ನೂ ಅವಧಿ ಇತ್ತು, ಆ ವ್ಯಾಪಾರಿಗೆ ಇನ್ನೊಂದು ಫೋನು ಮಾಡಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು. ಕಾಕಾನ ಪಾಸ್‌ಪೋರ್ಟು ಮುಗಿಯಿತು, ಕಾಕುವಿನದೂ ಮುಗಿಯಿತು. ನಾನು ಬರಬರುತ್ತ ಶುಕ್ರವಾರ ಸಂಜೆಗಳಲ್ಲಿ ಬಾಗಿಲು ತೆರೆಯುವುದನ್ನೇ ಕಡಿಮೆ ಮಾಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪಟ್ಟಿ ಬಂತು, ಅದರಲ್ಲಿ ಕಾಕಾನ ಹೆಸರೂ ಇತ್ತು. ಇಲಾಖೆ ಅವರನ್ನು ಗೌರವದಿಂದಲೇ ಕಳಿಸಿಕೊಟ್ಟಿತು. ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು, ಅಧಿಕಾರಿಗಳು ತಬ್ಬಿಕೊಂಡರು. ನಂತರ ಸೇವಾ ಕಾರ್ಡನ್ನು ವಾಪಸು ತೆಗೆದುಕೊಂಡರು. ಆ ಕಾರ್ಡೊಂದೇ ಇಷ್ಟು ದಿನ ಅವರನ್ನು ಕಾಪಾಡಿದ್ದು. ಅದು ಹೋದ ದಿನ ಅವರ ಬಳಿ ಅಲ್ಲಿನ ಕಾಗದವೂ ಇಲ್ಲ, ಇಲ್ಲಿನದೂ ಇಲ್ಲ. ರಾಯಭಾರ ಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಹಾಕಿ ಎಂದು ನಾನು ಬೇಡಿಕೊಂಡೆ. "ಈಗ ಹಾಕಿದ್ರೆ ಇಷ್ಟು ವರ್ಷ ಕಾದದ್ದು ಹಾಳಾಗ್ತದೆ. ಫೈಲು ನಡೀತಾ ಉಂಟಲ್ಲ" ಎಂದರು. ನನ್ನ ಮಾತನ್ನು ನನಗೇ ತಿರುಗಿ ಹೇಳುತ್ತಿದ್ದರು.

ಇಲಾಖೆ ಬಾಡಿಗೆ ಕಟ್ಟುತ್ತಿದ್ದ ಆ ಎದುರು ಮನೆ ಬಿಟ್ಟು, ಒಂದು ಹಳೆಯ ವಿಲ್ಲಾದಲ್ಲಿ ಪ್ಲೈವುಡ್ ಅಡ್ಡ ಹಾಕಿ ಮಾಡಿದ ಒಂದು ಕೋಣೆಗೆ ಹೋದರು. ಮಗಳದು ಶಾಲೆಯ ಕೊನೆಯ ವರ್ಷ. ವೀಸಾ ಇಲ್ಲದೆ ಪರೀಕ್ಷೆಗೆ ಹೆಸರು ನೋಂದಾಯಿಸಲು ಬರುವುದಿಲ್ಲ ಎಂದು ಶಾಲೆಯವರು ಕೈಚೆಲ್ಲಿದರು. ಇಡೀ ಶಾಲೆಗೆ ಮೊದಲು ಬರುತ್ತಿದ್ದ ಹುಡುಗಿ ಪರೀಕ್ಷೆಯ ದಿನಗಳಲ್ಲಿ ಆ ಕೋಣೆಯಲ್ಲಿ ಕುಳಿತಿದ್ದಳು. ಒಮ್ಮೆ ನೋಡಲು ಹೋಗಿದ್ದೆ. ಗಣಿತದ ಪುಸ್ತಕ ತೆಗೆದಿಟ್ಟುಕೊಂಡು, ಅವತ್ತಿನ ಪರೀಕ್ಷೆಯ ವೇಳೆಗೆ ಸರಿಯಾಗಿ ಲೆಕ್ಕ ಬಿಡಿಸುತ್ತಿದ್ದಳು. ಕಾಕಾ ಹೊರಗೆ ಹೋಗುವುದನ್ನು ಬಿಟ್ಟಿದ್ದರು. ಪೊಲೀಸ್ ಗಾಡಿಯ ಸದ್ದಾದರೆ ಕಿಟಕಿಯ ಪರದೆ ಎಳೆಯುವರು. ಇಪ್ಪತ್ತೇಳು ವರ್ಷ ಆ ಯೂನಿಫಾರ್ಮ್ ತೊಟ್ಟವರು...

ಮತ್ತೊಮ್ಮೆ ಕ್ಷಮಾದಾನ ಬಂತು. ಕಾಕು ಅತ್ತು ಕರೆದು ಒಪ್ಪಿಸಿದರು. ರಾಯಭಾರ ಕಚೇರಿಯಿಂದ, ಊರಿಗೆ ಮರಳಲಷ್ಟೇ ಬರುವ ಔಟ್‌ಪಾಸ್ ತೆಗೆಸಿ, ಆ ಸಾಲಿಗೆ ಅವರನ್ನು ಕರೆದುಕೊಂಡು ಹೋದವನು ನಾನೇ. ಅದೇ ಕಚೇರಿ, ಅದೇ ಬಿಸಿಲು. ಸಾಲು ಕಾಯುತ್ತಿದ್ದ ಅಲ್ಲಿನ ತರುಣ ಪೊಲೀಸೊಬ್ಬ ಕಾಕಾನನ್ನು ಗುರುತು ಹಿಡಿದ. ಕೆಲಸಕ್ಕೆ ಹೊಸದಾಗಿ ಸೇರಿದಾಗ ಇವರಿಂದಲೇ ಗೇಟಿನ ಕೆಲಸ ಕಲಿತವನಂತೆ. ಓಡಿ ಬಂದು ಹಣೆಗೆ ಮುತ್ತಿಟ್ಟು, ಅಮ್ಮಿ, ಅಂದರೆ ಕಾಕಾ, ನೀವು ಇಲ್ಲಿ ಯಾಕೆ ನಿಂತಿದ್ದೀರಿ, ಯಾರನ್ನು ಬಿಡಲು ಬಂದಿದ್ದೀರಿ ಎಂದು ಕೇಳಿದ. ಕಾಕಾ ಕೈಯಲ್ಲಿದ್ದ ಔಟ್‌ಪಾಸಿನ ಬಿಳಿ ಕಾಗದ ತೋರಿಸಿದರು. ಆ ಹುಡುಗನ ಕಣ್ಣು ತುಂಬಿತು, ನಾನು ಕಂಡಿದ್ದೇನೆ. ಕೈಹಿಡಿದು ಮುಂದಕ್ಕೆ ಕರೆದೊಯ್ಯಲು ನೋಡಿದ. ಕಾಕಾ ಒಪ್ಪಲಿಲ್ಲ. ಅವನಿಗೆ ಅರಬ್ಬಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ, "ಸಾಲು ಅಂದ್ರೆ ಸಾಲು. ನಾನೇ ಮುರಿದ್ರೆ ಇವನು ಉಳಿದವರನ್ನು ಹೇಗೆ ನಿಲ್ಲಿಸೋದು?" ಎಂದರು. ಮೂರೂವರೆ ತಾಸು ನಿಂತರು. ಕೊನೆಗೆ ಹತ್ತೂ ಬೆರಳಿನ ಗುರುತು ಕೊಟ್ಟು ಹೊರಬಂದರು.

ವಿಮಾನ ನಿಲ್ದಾಣದಲ್ಲಿ ಮಗಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಕಾಕಾ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮಂದೂಬ್‌ನ ಬಿಡ್ಬೇಡಿ ಮಾರಾಯ್ರೆ. ಫೈಲು ಬಂದ್ರೆ ಒಂದು ಫೋನು ಮಾಡಿ." ಆಯ್ತು ಕಾಕಾ ಅಂದೆ. ಆಗಲೂ ಇದ್ದದ್ದು ಹೇಳಲಿಲ್ಲ.

ಐದಾರು ವರ್ಷಕ್ಕೆ ಕಾಕಾ ತೀರಿಕೊಂಡ ಸುದ್ದಿ ಯಾರದೋ ಬಾಯಿಂದ ಬಂತು. ಊರಲ್ಲಿ ಅವರನ್ನು ಅರಬ್ಬಿ ಪೊಲೀಸ್ ಎಂದು ಕರೆಯುತ್ತಿದ್ದರಂತೆ, ಸ್ವಲ್ಪ ತಮಾಷೆಗೆ. ನಾನು ಹೋಗಲಿಲ್ಲ, ಫೋನೂ ಮಾಡಲಿಲ್ಲ. ನಾವೂ ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಧಾರವಾಡಕ್ಕೆ ಬಂದು ಈಗ ಬಹಳ ವರ್ಷವಾಯಿತು.

ಆ ಪಾಲಿಶ್ ವಾಸನೆ ನನ್ನನ್ನು ಬಾಲ್ಕನಿಗೆ ಅಟ್ಟಿದ್ದಕ್ಕೆ ಇನ್ನೊಂದು ಕಾರಣವಿದೆ. ಅದಕ್ಕೆ ಒಂದು ವಾರ ಮೊದಲು ಕಾಕಾನ ಮಗಳ ಫೋನು ಬಂದಿತ್ತು. ನಂಬರು ಎಲ್ಲಿ ಹುಡುಕಿದಳೋ. ಈಗ ನಲವತ್ತರ ಹತ್ತಿರ. ಊರಿನ ಮದರಸದಲ್ಲಿ ಮಕ್ಕಳಿಗೆ ಅರಬ್ಬಿ ಹೇಳಿಕೊಡುತ್ತಾಳಂತೆ. ಸರ್ಟಿಫಿಕೇಟ್ ಇಲ್ಲದ್ದರಿಂದ ಶಾಲೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಈಗ ಸ್ವಚ್ಛವಾಗಿ ಆ ಕಡೆಯ ಕನ್ನಡ ಮಾತಾಡುತ್ತಾಳೆ, ಅಪ್ಪನದೇ ಧಾಟಿ. "ಅಂಕಲ್, ಬಾಪನ ಫೈಲ್ ನಂಬರ್ ನಿಮ್ಮ ಹತ್ರ ಉಂಟಾ? ನನ್ನ ಮಗಳಿಗೂ ಅದ್ರಿಂದ ಏನಾದ್ರೂ ಆಗ್ತದಾ ನೋಡ್ಬೇಕಿತ್ತು" ಅಂದಳು.

ನನಗೀಗ ಅರವತ್ತೈದು ದಾಟಿದೆ. ಈ ಸಲ ಸುಳ್ಳು ಹೇಳಬಾರದು ಎಂದು ಗಟ್ಟಿ ಮನಸ್ಸು ಮಾಡಿ ಎಲ್ಲ ಹೇಳಿದೆ. ಫೈಲು ಇರಲಿಲ್ಲ, ತೆರೆದೇ ಇರಲಿಲ್ಲ, ನನಗೆ ಆಗಲೇ ತಿಳಿದಿತ್ತು, ನಾನು ನಿಮ್ಮ ಬಾಪನಿಗೆ ಹೇಳಲಿಲ್ಲ, ನನ್ನಿಂದ ದೊಡ್ಡ ತಪ್ಪಾಯಿತು ಎಂದೆ. ಹೇಳುವಾಗ ಅಳು ಬಂತು. ಬೈದಾಳು ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇಲ್ಲ ಅಂಕಲ್, ನಿಮಗೆ ವಯಸ್ಸಾಯ್ತು, ಮರೆತು ಹೋಗಿರ್ಬೇಕು" ಅಂದಳು ಮೆಲ್ಲಗೆ, ನನ್ನನ್ನೇ ಸಮಾಧಾನ ಮಾಡುವವಳಂತೆ. "ಬಾಪ ಪೊಲೀಸಲ್ಲಿ ಇದ್ದವರಲ್ವಾ? ಫೈಲು ಇಲ್ಲದಿದ್ರೆ ಅವರಿಗೆ ಗೊತ್ತಾಗ್ತಿರ್ಲಿಲ್ವಾ? ಪರವಾಗಿಲ್ಲ ಬಿಡಿ, ನಾನು ಬೇರೆ ಕಡೆ ಕೇಳ್ತೇನೆ."

ಅಂದಿನಿಂದ ಮೂರು ಸಲ ಫೋನು ಮಾಡಿದೆ, ಎರಡು ಸಲ ಎತ್ತಿದಳು. ಬೇರೆ ಯಾರದೋ ಮೂಲಕ ಅರ್ಜಿ ಕೊಟ್ಟಿದ್ದಾಳಂತೆ. ನಡೀತಾ ಉಂಟು ಅಂತ ಹೇಳಿದ್ದಾರೆ ಅಂಕಲ್, ಅಂದಳು.